ಡಾ. ಅದೇ ಅವರ ನಿರಾಕ್ಷೇಪಣಾ ಪತ್ರ

ಯಾವುದೇ ಪ್ರಬಂಧದಲ್ಲಿ ಒಬ್ಬ ಲೇಖಕರನ್ನು ಐವತ್ತಕ್ಕಿಂತ ಹೆಚ್ಚು ಸಲ ಉಲ್ಲೇಖಿಸಿದಲ್ಲಿ ಸದರಿ ಲೇಖಕರಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು ಎಂಬುದು ಬನಶಂಕರಿಯ ಪ್ರಗತಿಪಥ ಸಂಶೋಧನಾ ಕೇಂದ್ರದ ಹನ್ನೊಂದನೇ ನಿಯಮ. ಬರೆದವರು ಪ್ರೊಫೆಸರ್ ಮರುಳಸಿದ್ದಪ್ಪ. ಬರೆದ ದಿನ ಗಿರಿನಗರದ ಮನೆಗೆ ಹೋಗಿ ಹೆಂಡತಿ ಬಸವಲಿಂಗಮ್ಮನಿಗೂ ಓದಿ ಹೇಳಿದ್ದರು. ಆಕೆ ಅವರೆಕಾಯಿ ಸುಲಿಯುತ್ತಲೇ ಚೆನ್ನಾಗಿದೆ ಅಂದಿದ್ದರು.

ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ಅವರದೇ ವಿದ್ಯಾರ್ಥಿನಿ ಮೇಘಶ್ರೀ. ಐದು ವರ್ಷ ಕೂತು ಸಾರಕ್ಕಿ ಕೆರೆಯ ಮೇಲೆ ಪ್ರಬಂಧ ಬರೆದಿದ್ದಳು. ಒಂದೇ ಪುಸ್ತಕದಿಂದ ಮತ್ತೆ ಮತ್ತೆ ತೆಗೆದುಕೊಂಡಾಗ ಅದರ ಹೆಸರು ಬರೆಯದೆ, ಅಡಿಟಿಪ್ಪಣಿಯಲ್ಲಿ ‘ಅದೇ, ಪುಟ 43’ ಎಂದು ಹಾಕಬೇಕೆಂದು ಕಲಿಸಿದವರೂ ಪ್ರೊಫೆಸರೇ. ಕೇಂದ್ರಕ್ಕೆ ಹೊಸದಾಗಿ ಬಂದ ತಪಾಸಣಾ ತಂತ್ರಾಂಶ, ‘ಅದೇ’ ಎಂಬ ಲೇಖಕರನ್ನು ನೂರಾ ಹದಿನೆಂಟು ಸಲ ಉಲ್ಲೇಖಿಸಲಾಗಿದೆ, ಪತ್ರ ಲಗತ್ತಿಸಿಲ್ಲ ಎಂದು ವರದಿ ಕೊಟ್ಟಿತು. ಪದವಿ ತಡೆಹಿಡಿಯಲಾಯಿತು. ಮೇಘಶ್ರೀಗೆ ಸಿಕ್ಕಿದ್ದ ಕಾಲೇಜು ಕೆಲಸ ಆ ಪದವಿಗಾಗಿ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಿತ್ತು.

ಪ್ರೊಫೆಸರು ಕುಲಸಚಿವ ಜಯಸಿಂಹರ ಬಳಿ ಹೋದರು.

“ಸಾರ್, ಅದೇ ಅಂದ್ರೆ ಯಾರೂ ಅಲ್ಲ. ಅದೇ ಅಂದ್ರೆ ಅದೇ.”

“ನಾನೂ ಅದೇ ಕೇಳ್ತಿರೋದು. ಯಾರವರು?”

ಮೇಲೆ ಹೇಳಿದ ಪುಸ್ತಕವೇ ಎಂದು ಅದರ ಅರ್ಥ ಅಂದರು ಪ್ರೊಫೆಸರು. ಹಾಗನ್ನುವುದಕ್ಕೆ ಆಧಾರವೇನು ಎಂದರು ಜಯಸಿಂಹ. ಆಧಾರವಿಲ್ಲದ ಮಾತು ಸ್ವೀಕಾರಾರ್ಹವಲ್ಲ ಎಂಬುದು ಒಂಬತ್ತನೇ ನಿಯಮ. ಅದೂ ಪ್ರೊಫೆಸರು ಬರೆದದ್ದೇ. ಮನೆಗೆ ಹೋಗಿ, ಸಂಶೋಧನಾ ವಿಧಾನದ ಬಗ್ಗೆ ತಾವೇ ಬರೆದ ಪಠ್ಯಪುಸ್ತಕ ತೆರೆದರು. ಆ ವಿವರಣೆ ಇತ್ತು. ಅದರ ಕೆಳಗೆ ಆಧಾರವೂ ಇತ್ತು: ‘ಅದೇ, ಪುಟ 12.’ ಪುಸ್ತಕ ಮುಚ್ಚಿಟ್ಟರು.

ಬೇರೆ ದಾರಿ ಕಾಣದೆ ಮೇಘಶ್ರೀ ಅನುಮತಿ ಕೋರಿ ಪತ್ರ ಬರೆದಳು. ಇಷ್ಟು ಉಲ್ಲೇಖವಾದವರಿಗೆ ಬರೀ ಹೆಸರು ಹಾಕುವುದು ಸರಿಯಲ್ಲವೆಂದು ಕಚೇರಿಯವರು ‘ಡಾ.’ ಸೇರಿಸಿದರು.

“ಅಡ್ರೆಸ್ ಏನು ಹಾಕ್ಲಿ, ಸಾರ್?” ಎಂದಳು ಮೇಘಶ್ರೀ.

ಪ್ರೊಫೆಸರು, ಅವಳು ಅಷ್ಟು ಸಲ ಉಲ್ಲೇಖಿಸಿದ್ದ ಕೆರೆಯ ಪುಸ್ತಕ ಅಚ್ಚಾಗಿದ್ದ ಶ್ರೀನಗರದ ಮುದ್ರಣಾಲಯದ ವಿಳಾಸ ಹೇಳಿದರು. ಅಲ್ಲೀಗ ದೋಸೆ ಹೋಟೆಲು. ಎಂಟನೇ ದಿನಕ್ಕೆ ಪತ್ರ ವಾಪಸು ಬಂತು. ಅಂಚೆಯವರು ಅದರ ಮೇಲೆ ‘ವಿಳಾಸದಾರರು ಇಲ್ಲ’ ಎಂದು ಬರೆದಿದ್ದರು.

ಜಯಸಿಂಹ ಕನ್ನಡಕ ತೆಗೆದರು. “ಇಲ್ವಂತೆ, ಪಾಪ. ಮೊದಲೇ ಹೇಳಬಾರದಿತ್ತಾ?”

ತೀರಿಕೊಂಡವರಿಂದ ಪತ್ರ ಬೇಕಿಲ್ಲವೆಂದು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿತು. ಪದವಿ ಮಂಜೂರಾಯಿತು. ಗುರುವಾರ ಸಂತಾಪ ಸಭೆ ಸೇರಿ, ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತರು. ಆಮೇಲೆ, ಅಗಲಿದವರನ್ನು ಹತ್ತಿರದಿಂದ ಬಲ್ಲ ಪ್ರೊಫೆಸರು ಎರಡು ಮಾತಾಡಬೇಕೆಂದು ಜಯಸಿಂಹ ಕೇಳಿಕೊಂಡರು.

ನಿಜ ಹೇಳಿಬಿಡೋಣ ಎಂದುಕೊಂಡೇ ಮರುಳಸಿದ್ದಪ್ಪ ಎದ್ದರು. ಮುಂದಿನ ಸಾಲಿನಲ್ಲಿ ಮೇಘಶ್ರೀ ಪದವಿಯ ಆದೇಶವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವರು ಮೈಕು ಸರಿಮಾಡಿಕೊಂಡರು.

“ನನ್ನ ಪಿಎಚ್‌ಡಿ ನಿಂತಿರೋದೇ ಅವರ ಮೇಲೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರು ನನ್ನನ್ನ ಪ್ರಶ್ನೆ ಮಾಡಲಿಲ್ಲ.”

ಹೇಳುತ್ತಿದ್ದಂತೆ ಅವರಿಗೆ ನಿಜವಾಗಿಯೂ ಅಳು ಬಂತು. ಕಣ್ಣೊರೆಸಿಕೊಂಡು ಕೂತರು. ಉಳಿದ ಅಧ್ಯಾಪಕರು ಒಬ್ಬೊಬ್ಬರಾಗಿ ಎದ್ದು, ಡಾ. ಅದೇ ಅವರೊಂದಿಗೆ ತಮಗಿದ್ದ ಒಡನಾಟವನ್ನು ನೆನೆದರು.