ಮೇಲಿನ ಪ್ಲಗ್ ಮೊದಲು

ಹದಿನೆಂಟು ವರ್ಷ ಗ್ಯಾರೇಜಿನಲ್ಲಿ ದುಡಿದ ಮೇಸ್ತ್ರಿಯನ್ನು ಬಿಟ್ಟು, ಎಂಟು ತಿಂಗಳ ಹಿಂದೆ ಬಂದವನ ಕೈಗೆ ಯಜಮಾನರು ಒಳಕೋಣೆಯ ಬೀಗದ ಕೈ ಕೊಟ್ಟರು.

ಒಳಕೋಣೆಯಲ್ಲಿ ಬಿಳಿ ಟೈಲ್ಸಿನ ನೆಲ, ತಣ್ಣಗೆ ಗಾಳಿ ಊದುವ ಯಂತ್ರ, ಗುಂಡಿ ಒತ್ತಿದರೆ ಕಾರನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲಿಸುವ ಲಿಫ್ಟು. ದುಬಾರಿ ಕಾರುಗಳಿಗೆ ಮಾತ್ರ ಅಲ್ಲಿ ಜಾಗ. ಮೇಸ್ತ್ರಿಯದು ಹೊರಗಿನ ತಗಡಿನ ಶೆಡ್ಡು. ಅಲ್ಲಿ ಗೋಣಿಚೀಲ ಹಾಸಿ, ಕಾರಿನಡಿ ಅಂಗಾತ ತೂರಿಕೊಂಡು, ಕಣ್ಣಿಗೆ ಬೀಳುವ ತುಕ್ಕನ್ನು ಊದಿಕೊಳ್ಳುತ್ತ ಕೆಲಸ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಅವನ ಬೆನ್ನು ಕಾದ ಹೆಂಚಿನಂತಾಗುತ್ತಿತ್ತು.

ಹೊಸಬನಿಗೆ ಗಲ್ಲಿಯವರೆಲ್ಲ ಇಟ್ಟ ಹೆಸರು ಗ್ಲೌಸು. ಟೀ ಕುಡಿಯುವಾಗಲೂ ಅವನು ಕೈಗವಸು ಬಿಚ್ಚುತ್ತಿರಲಿಲ್ಲ. ಅವನಿಗೆ ಟೀ ಪಿಂಗಾಣಿ ಕಪ್ಪಿನಲ್ಲಿ, ಮೇಸ್ತ್ರಿಗೆ ಅಂಚು ಒಡೆದ ಗಾಜಿನ ಲೋಟದಲ್ಲಿ. ಅವನ ಬೆನ್ನ ಮೇಲೆ ಗ್ಯಾರೇಜಿನ ಹೆಸರು ಹೊಲಿದ ನೀಲಿ ಅಂಗಿ, ಮೇಸ್ತ್ರಿಯ ಬೆನ್ನ ಮೇಲೆ ಯಾವುದೋ ಟಯರ್ ಕಂಪನಿ ಬಿಟ್ಟಿ ಕೊಟ್ಟ ಬನಿಯನ್. ಇದನ್ನೆಲ್ಲ ಮೇಸ್ತ್ರಿ ದಿನವೂ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಒಪ್ಪಿಸುತ್ತಿದ್ದ.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನು ಯಾವ ಸೀರೆ ಉಟ್ಟಿದೀನಿ ಅಂತ ಒಂದಿನ ನೋಡ್ಲಿಲ್ಲ ನೀವು," ಎಂದಿದ್ದಳು ಅವಳು. "ಅವನ ಅಂಗಿಯ ಗುಂಡಿ ಎಷ್ಟು ಅಂತ ಮಾತ್ರ ಗೊತ್ತು."

"ಐದು," ಎಂದಿದ್ದ ಮೇಸ್ತ್ರಿ.

ಒಂದು ದಿನ ಮೇಸ್ತ್ರಿ ಕೆಲಸಕ್ಕೆ ಒಂದು ಗಂಟೆ ಮೊದಲೇ ಬಂದ. ಯಜಮಾನರ ಮೇಜಿನ ಮೇಲೆ, ಗ್ಲೌಸು ಸೊಂಟದಿಂದ ಯಾವತ್ತೂ ಬಿಚ್ಚದ ಬೀಗದ ಕೈ ಅನಾಥವಾಗಿ ಬಿದ್ದಿತ್ತು. 'ಮರೆತು ಹೋಗಿದ್ದಾನೆ. ಇಷ್ಟು ಜವಾಬ್ದಾರಿ ಇರೋನಿಗೆ ಒಳಕೋಣೆ ಬೇರೆ ಕೇಡು!' ಎಂದುಕೊಂಡ ಮೇಸ್ತ್ರಿಗೆ ಹೊಟ್ಟೆಯೊಳಗಿನ ಕಿಚ್ಚಿಗೆ ತುಪ್ಪ ಸುರಿದಂತಾಯಿತು.

ಬಾಗಿಲು ತೆಗೆದರೆ ಲಿಫ್ಟಿನ ಮೇಲೆ ಕಡುನೀಲಿ ಕಾರು, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಜಾತಿಯದು. ಗಾಜಿಗೆ ಚೀಟಿ: 'ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸುವುದು. ಹನ್ನೊಂದಕ್ಕೆ ಕೊಡಬೇಕು.' ಪಕ್ಕದಲ್ಲಿ ಆ ಎಣ್ಣೆಯ ಟಿನ್ನು.

ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಚಿಕ್ಕ ಹಂಡೆಯಂತೆ ಕೂತಿರುವ ಕಬ್ಬಿಣದ ಗೂಡು. ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುತ್ತದೆ. ಅದಕ್ಕೆ ಎರಡು ಪ್ಲಗ್ಗು: ಕೆಳಗಿನದು ಹಳೆ ಎಣ್ಣೆ ಇಳಿಸಲು, ಮೇಲಿನದು ಹೊಸದು ತುಂಬಲು. ತಾನು ಈ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿರುವಾಗ ಯಜಮಾನರು ಬರಬೇಕು, ಹಿಂದೆಯೇ ಗ್ಲೌಸು ಬಂದು ಪೆಚ್ಚಾಗಿ ನಿಲ್ಲಬೇಕು. ಬೀಗದ ಕೈ ಆಮೇಲೆ ತಾನಾಗಿ ಬರುತ್ತದೆ.

ಗೂಡಿನ ಕೆಳಗೆ ಟ್ರೇ ಇಟ್ಟೇ ಇತ್ತು, ಅದರಲ್ಲಿ ಅರ್ಧದಷ್ಟು ಕಪ್ಪು ಎಣ್ಣೆ. 'ಯಾವುದೋ ಕಾರಿಂದು, ಚೆಲ್ಲೋಕೂ ಸೋಮಾರಿತನ.' ಪ್ಲಗ್ಗಿನ ವಾಷರ್ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. 'ದುಡ್ಡಿದ್ದೋರ ಕಾರಿನ ಅಡಿಯೂ ಫಳಫಳ!' ತಣ್ಣನೆ ಗಾಳಿ ಕತ್ತಿಗೆ ತಾಗುತ್ತಿದ್ದಂತೆ ಮೇಸ್ತ್ರಿಗೆ ಕಣ್ಣು ಅರೆಮುಚ್ಚುವಷ್ಟು ಸುಖವಾಯಿತು. ಆ ಸುಖದಲ್ಲೇ ಮೂಗಿನ ನೇರಕ್ಕಿದ್ದ ಕೆಳಗಿನ ಪ್ಲಗ್ಗನ್ನು ತಿರುಗಿಸಿದ. ಎಣ್ಣೆ ಗಳಗಳ ಇಳಿದು ಟ್ರೇಯ ಕಪ್ಪಿನೊಳಗೆ ಸೇರಿಹೋಯಿತು.

ಕೊನೆಯ ಹನಿ ಬಿದ್ದ ಮೇಲೆ ಅವನ ಕೈ ಮೇಲಿನ ಪ್ಲಗ್ಗಿಗೆ ಹೋಯಿತು. ಪ್ಲಗ್ಗಿನ ತೂತಿಗೆ ತೂರಿಸಿ ತಿರುಗಿಸುವ ಎಲ್ ಆಕಾರದ ಅಲೆನ್ ಕೀ ಒಳಗೆ ಹೋಗಲಿಲ್ಲ. ಪ್ಲಗ್ಗಿನ ಎದುರಿಗೇ ಎರಡು ಬೆರಳಿನಷ್ಟು ಜಾಗ ಬಿಟ್ಟು ಕಾರಿನ ಕಬ್ಬಿಣದ ಅಡ್ಡಪಟ್ಟಿ. ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ, ಕೀಯನ್ನೂ ಬೈದ. ತಣ್ಣನೆ ಕೋಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

ಎಣ್ಣೆ ಇಳಿಸುವ ಮುಂಚೆ ತುಂಬುವ ದಾರಿ ತೆರೆಯುತ್ತದೋ ಇಲ್ಲವೋ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಖಾಲಿ ಗೂಡಿನ ಕಾರು ಇದ್ದ ಜಾಗದಿಂದ ಕದಲುವಂತಿಲ್ಲ. ಇದನ್ನು ಆ ಗ್ಯಾರೇಜಿನಲ್ಲಿ ಕೈಗೆ ಸ್ಪ್ಯಾನರ್ ಹಿಡಿದವರಿಗೆಲ್ಲ ಕಲಿಸಿದವನು ಮೇಸ್ತ್ರಿಯೇ. ಹೊರಗಿನ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದವನೂ ಅವನೇ: 'ಮೇಲಿನ ಪ್ಲಗ್ ಮೊದಲು.'

"ಏನ್ ಮೇಸ್ತ್ರಿ, ಒಳಗ್ ಸೇರ್ಕೊಂಡ್ಬಿಟ್ರಿ!" ಬಾಗಿಲಲ್ಲಿ ಪಂಕ್ಚರ್ ಅಂಗಡಿಯವನ ತಲೆ ಕಾಣಿಸಿತು. ಕರೆಯದೆ ಬರುವುದರಲ್ಲಿ ಅವನು ನೊಣಕ್ಕೂ ಒಂದು ಕೈ ಮೇಲು. ಬಗ್ಗಿ ನೋಡಿದವನು ಕೆಳಗಿನ ತೂತನ್ನು ಕಂಡು ಹೌಹಾರಿದ. "ಅಯ್ಯೋ! ಮೇಲಿನ ಪ್ಲಗ್ ಮೊದಲು ಅಂತ ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು?"

"ನಿಂಗೆ ಹೇಳ್ಕೊಟ್ಟಿದ್ದು. ನಂಗಲ್ಲ. ಬಾಯ್ಮುಚ್ಕೊಂಡು ಹೋಗು."

ಅವನು ಹೋದ, ಆದರೆ ಬಾಯಿ ಮುಚ್ಚಿಕೊಂಡಲ್ಲ. ಎರಡೇ ನಿಮಿಷದಲ್ಲಿ ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಕ್ಕನನ್ನು ಕರೆದುಕೊಂಡು ಬಂದ. ಜೊತೆಗೊಂದು ಸುತ್ತಿಗೆಯನ್ನೂ ತಂದಿದ್ದ.

"ಕೀ ಬಗ್ಗಿಸಿ ತೂರ್ಸೋಣ!" ಎಂದು ಹೊಡೆದ. ಕೀ ಬಗ್ಗಲಿಲ್ಲ, ಚಿಮ್ಮಿ ಮೇಸ್ತ್ರಿಯ ಮೊಣಕಾಲಿಗೆ ಬಡಿಯಿತು. ಮೇಸ್ತ್ರಿ ಹಾರಿದ, ಟ್ರೇ ಅಲುಗಿ ಒಂದಿಷ್ಟು ಎಣ್ಣೆ ತುಳುಕಿತು, ಅದರ ಮೇಲೆಯೇ ಕಾಲಿಟ್ಟು ಅವನು ದೊಪ್ಪನೆ ಕೂತ. ಎದ್ದಾಗ ಬಿಳಿ ಟೈಲ್ಸಿನ ಮೇಲೆ ಅವನ ಕೂತ ಭಾಗದ ಅಚ್ಚು ದುಂಡಗೆ, ಸ್ಪಷ್ಟವಾಗಿ ಮೂಡಿತ್ತು.

"ಅಕ್ಕಾ, ಈ ಎಣ್ಣೆ ಇನ್ನೊಂದು ಟಿನ್ನು ಇದ್ಯಾ?"

"ಎಲ್ಲಿಂದ ತರ್ಲಪ್ಪಾ? ತರಿಸಬೇಕು ಅಂದ್ರೆ ನಾಲ್ಕು ದಿನ. ಇದ್ದಿದ್ದೊಂದನ್ನ ನಿನ್ನೆ ಸಂಜೆ ಗ್ಲೌಸು ತಗೊಂಡ್ಹೋದ."

"ಸದ್ಯ, ಅದು ಇಲ್ಲೇ ಇದೆ," ಎಂದು ಮೇಸ್ತ್ರಿ ಬಲವಾಗಿ ಟಿನ್ನು ಎತ್ತಿದ. ಅದು ಬೆಂಡಿನಂತೆ ಹಗುರಾಗಿ ಅವನ ಮೂಗಿನವರೆಗೂ ಹಾರಿ ಬಂತು. ಒಳಗೆ ಒಂದು ತೊಟ್ಟೂ ಇರಲಿಲ್ಲ.

"ಗ್ಲೌಸಿಗೇ ಫೋನ್ ಮಾಡಿ," ಎಂದಳು ಅಕ್ಕ.

"ನನ್ನ ಹೆಣ ಬಿದ್ದ ಮೇಲೆ!"

ಅಷ್ಟರಲ್ಲಿ ಪಂಕ್ಚರ್ ಅಂಗಡಿಯವನು ಫೋನ್ ಮಾಡಿ, ಊರಿಗೇ ಕೇಳುವಂತೆ ಸ್ಪೀಕರ್ ಹಾಕಿ, ಮೇಸ್ತ್ರಿಯ ಬಾಯಿಗೆ ಹಿಡಿದಾಗಿತ್ತು.

"ಹೇಳಿ ಮೇಸ್ತ್ರಿ," ಎಂದ ಗ್ಲೌಸು.

"ಏನ್ ಹೇಳೋದು? ಟಿನ್ ಖಾಲಿ ಇದ್ಯಲ್ಲೋ!"

"ಖಾಲಿ ಇರ್ಲೇಬೇಕಲ್ಲ. ನಿನ್ನೆ ಸಂಜೆನೇ ಹಳೇದು ಇಳ್ಸಿ ಹೊಸದು ತುಂಬ್ದೆ. ವಾಷರೂ ಹೊಸದು. ನೋಡ್ಲಿಲ್ವಾ?"

ಮೇಸ್ತ್ರಿ ನೋಡಿದ್ದ. ಚೆನ್ನಾಗಿಯೇ ನೋಡಿದ್ದ.

"ಟ್ರೇ ಚೆಲ್ಲೋದೊಂದು ಉಳೀತು. ಅಷ್ಟರಲ್ಲಿ ಕೆಲಸ ಬಿಟ್ಟೆ."

"ಬಿಟ್ಯಾ? ಯಾಕೆ?"

"ಯಜಮಾನ್ರನ್ನೇ ಕೇಳಿ. ಆಮೇಲೆ, ಮೇಲಿನ ಪ್ಲಗ್ಗಿಗೆ ಉದ್ದದ ಕೀ ಹೋಗಲ್ಲ. ನಂದೊಂದನ್ನ ಗಿಡ್ಡ ಕತ್ತರ್ಸಿಟ್ಕೊಂಡಿದ್ದೆ. ನಿಮಗೆ ಉಪಯೋಗ ಆಗ್ಲಿ ಅಂತ ನಿಮ್ಮ ಪೆಟ್ಟಿಗೇಲೇ ಹಾಕಿದೀನಿ, ನೋಡಿ."

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಕದ್ದುಕೊಂಡು ಹೋಗಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹೋಗುವಾಗಲೂ ಒಳ್ಳೆಯವನಾಗಿಯೇ ಹೋಗಬೇಕಿತ್ತೇ, ಪಾಪಿ!

ಹತ್ತೂವರೆಗೆ ಯಜಮಾನರು ಬಂದರು. ಖಾಲಿ ಗೂಡು, ತುಂಬಿದ ಟ್ರೇ, ಟೈಲ್ಸಿನ ಮೇಲಿನ ಅಚ್ಚು, ಎಲ್ಲವನ್ನೂ ನೋಡಿದರು. ಮೇಸ್ತ್ರಿ ಬೈಗುಳಕ್ಕೆ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ.

"ಹೋಗ್ಲಿ ಬಿಡೋ. ಟ್ರೇದನ್ನ ಬಟ್ಟೇಲಿ ಸೋಸಿ ವಾಪಸ್ ತುಂಬು. ಕಾರಿನ ಆಯಮ್ಮ ಹನ್ನೊಂದಕ್ಕೆ ಬರ್ತಾಳೆ, ಕಾರಿನಡಿ ಬಗ್ಗಿ ನೋಡ್ತಾಳಾ?"

"ಹೊಸದು ಹಳೇದು ಕಲೆತಿದೆ, ಯಜಮಾನ್ರೇ. ಕಬ್ಬಿಣದ ಪುಡಿ ಇದೆ. ಒಳಗಿನ ಗೇರಿನ ಹಲ್ಲುಗಳನ್ನ ತಿಂದ್ಹಾಕುತ್ತೆ."

"ತಿಂದ್ರೆ ಇನ್ನೊಂದು ರಿಪೇರಿ, ನಮಗೇ ಬರುತ್ತೆ. ನಿನ್ನೆ ಅವನಿಗೂ ಇದನ್ನೇ ಹೇಳ್ದೆ. ಎಣ್ಣೆ ಬದಲಾಯಿಸ್ಬೇಡ, ಹೊಸ ವಾಷರ್ ಕಾಣೋ ಹಾಗೆ ಹಾಕಿ ಬಿಲ್ ಬರಿ ಅಂತ. 'ಆಗಲ್ಲ' ಅಂದ, ಎಣ್ಣೆ ತಂದು ತುಂಬಿ, ಬೀಗದ ಕೈ ಬಿಸಾಕಿ ಹೋದ. ನೀನು ಹದಿನೆಂಟು ವರ್ಷದ ನಂಬಿಗಸ್ತ." ಯಜಮಾನರು ಬೀಗದ ಕೈಯನ್ನು ಮೇಸ್ತ್ರಿಯ ಮೂಗಿನ ಮುಂದೆ ತೂಗಿದರು. "ಇವತ್ತಿಂದ ಒಳಕೋಣೆ ನಿಂದೇ. ತಗೋ."

ಮೇಸ್ತ್ರಿಯ ಕೈ ತಾನಾಗಿ ಮೇಲೆದ್ದು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿ ಅಕ್ಕ ಮತ್ತು ಪಂಕ್ಚರ್ ಅಂಗಡಿಯವನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಈ ಟ್ರೇಯ ಕೊಳೆ ತುಂಬಿದರೆ ಸಂಜೆಯೊಳಗೆ ಗಲ್ಲಿಗೆಲ್ಲ ಸುದ್ದಿ: ಗ್ಲೌಸು ಆಗಲ್ಲ ಅಂದ, ಮೇಸ್ತ್ರಿ ಆಗಲಿ ಅಂದ. ಸರಿ, ಆಗಲ್ಲ ಅನ್ನೋಣವೆಂದರೆ ಅದನ್ನೂ ಆ ಪಾಪಿ ನಿನ್ನೆಯೇ ಅಂದು ಮುಗಿಸಿದ್ದಾನೆ! ಇಲ್ಲೂ ತಾನು ಎರಡನೆಯವನೇ?

"ಅವನು ಆಗಲ್ಲ ಅಂದು ಏನ್ ಮಾಡ್ದ?"

"ಇನ್ನೇನ್ ಮಾಡ್ತಾನೆ? ಹೊರಟುಹೋದ."

"ಅಷ್ಟೇನಾ?" ಮೇಸ್ತ್ರಿಯ ಮುಖ ಎಂಟು ತಿಂಗಳಲ್ಲಿ ಮೊದಲ ಸಲ ಅರಳಿತು. ಕಾರಿನಡಿ ಹೋಗಿ ಬಿಳಿ ನೆಲದ ಮೇಲೆ ಕಾಲು ಚಾಚಿ ಅಂಗಾತ ಮಲಗಿದ. ಹದಿನೆಂಟು ವರ್ಷ ಬೆಂದ ಬೆನ್ನಿಗೆ ಟೈಲ್ಸು ತಣ್ಣಗೆ ತಾಗಿತು. ಅವನು ಅಡಿಯಿಂದ ಏಳುವವರೆಗೆ ಲಿಫ್ಟು ಇಳಿಸುವಂತಿಲ್ಲ, ಕಾರು ಕೊಡುವಂತಿಲ್ಲ. ಹೊರಗೆ ಗೇಟಿನ ಹತ್ತಿರ ಕಾರಿನ ಆಯಮ್ಮ ಬೆಲ್ಲು ಒತ್ತುತ್ತಿದ್ದಳು.

"ಏಯ್, ಎಣ್ಣೆ ತುಂಬೋ!"

"ತುಂಬಲ್ಲ."

"ಹಾಗಾದ್ರೆ ಎದ್ದು ಹೊರಗೆ ನಡಿ!"

"ಅದೂ ಆಗಲ್ಲ," ಎಂದ ಮೇಸ್ತ್ರಿ.