ಹೆಸರಿಲ್ಲದ ತಂತಿ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದು ಬಿಳಿ ತಂತಿ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಪೆಟ್ಟಿಗೆಯಿಂದ ಹೊರಟು, ಗೋಡೆಯ ತೂತಿನೊಳಗೆ ನುಗ್ಗಿ, ಅದು ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಅಂತ ಆ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅದು ಸತ್ತವರಿಗೆ ಬೇಕಾದ್ದನ್ನೆಲ್ಲ ಒದಗಿಸುವ ಆಫೀಸು. ಮೇಲಿನ ಮಹಡಿಯಲ್ಲಿ ಫೋನುಗಳು, ಕೆಳಗೆ ಶವಪೆಟ್ಟಿಗೆ ಮಾಡುವ ಬಡಗಿಯ ಕಾರ್ಖಾನೆ, ನಡುವೆ ಪೆಟ್ಟಿಗೆ ಏರಿಸಿ ಇಳಿಸುವುದಕ್ಕೆ ಒಂದು ಮುದಿ ಲಿಫ್ಟು. ಈ ವ್ಯಾಪಾರದಲ್ಲಿ ಗಿರಾಕಿ ಇನ್ನೊಂದು ಸಲ ಬರುವ ಮಾತೇ ಇಲ್ಲ. ಮೊದಲ ಕರೆ ತಪ್ಪಿತೋ, ಹೆಣ ಎದುರು ರಸ್ತೆಯ ಇಂಥದೇ ಅಂಗಡಿಯವರ ಪಾಲು.

ಹೋದ ತಿಂಗಳು ಒಂದು ಬೆಳಿಗ್ಗೆಯಿಡೀ ಫೋನುಗಳು ಮೂಕವಾಗಿ ದೊಡ್ಡ ಮನೆಯ ಸಾವೊಂದು ಹಾಗೇ ಕೈಬಿಟ್ಟು ಹೋಗಿತ್ತು. ಆ ದುಃಖಕ್ಕೆ ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಹಳೆಯ ಎಕ್ಸ್‌ಚೇಂಜ್ ಕಿತ್ತುಹಾಕಿ ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನು ಹಾಕಿಸುವುದೆಂದು ತೀರ್ಮಾನಿಸಿದರು. ಉಸ್ತುವಾರಿ ಲೈನಣ್ಣನದು. ಕರೆಂಟು, ನೀರು, ಫೋನು, ಯಾವ ಲೈನು ಕೆಟ್ಟರೂ ಬೈಸಿಕೊಳ್ಳುವ ಕೆಲಸ ಅವನದಾದ್ದರಿಂದ ಆ ಹೆಸರು.

"ಇವತ್ತು ಒಂದೇ ಒಂದು ಕರೆ ತಪ್ಪಿದ್ರೂ ನಾಳೆಯಿಂದ ನೀನು ಬರೋದು ಬೇಡ" ಎಂದರು ಯಜಮಾನರು, ಹೊಸ ಫೋನು ಹಾಕುವ ದಿನ.

ಲೈನಣ್ಣನಿಗೆ ಐವತ್ತು ದಾಟಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿಯೂ, "ಈ ವಯಸ್ಸಲ್ಲಿ ನಿಮಗೆ ಇನ್ಯಾರು ಕೆಲಸ ಕೊಡ್ತಾರೆ? ಬಾಯಿ ಮುಚ್ಕೊಂಡು ಹುಷಾರಾಗಿ ಮಾಡಿ ಬನ್ನಿ" ಅಂದಿದ್ದಳು. ಅವನು ಬಾಯಿ ಮುಚ್ಚಿಕೊಂಡೇ ಬಂದಿದ್ದ.

ಫೋನ್ ಕಂಪನಿಯ ಎಂಜಿನಿಯರ್ ಹಳೆಯ ತಂತಿಗಳನ್ನೆಲ್ಲ ಒಂದೊಂದಾಗಿ ಹೊಸ ಪೆಟ್ಟಿಗೆಗೆ ಸೇರಿಸುತ್ತ ಬಂದು, ಬಿಳಿ ತಂತಿಯ ಹತ್ತಿರ ನಿಂತ. "ಇದು ಯಾರದು? ಕತ್ತರಿಸಿಬಿಡ್ಲಾ?"

"ಅಯ್ಯೋ ಬೇಡಪ್ಪ. ಅದರಲ್ಲೇ ಒಂದು ಕರೆ ಬಂದುಬಿಟ್ರೆ? ನನ್ನ ಟೇಬಲ್ಲಿನ ಫೋನಿಗೆ ಬರೋ ಹಾಗೆ ಮಾಡ್ಬಿಡಿ" ಎಂದ ಲೈನಣ್ಣ.

ಆಮೇಲೆ, ಸೀಟಿನಲ್ಲಿ ಯಾರೂ ಇಲ್ಲದಾಗ ಫೋನೇ ಮಾತಾಡುವುದಕ್ಕೆ ಅವನ ದನಿಯನ್ನು ರೆಕಾರ್ಡ್ ಮಾಡಿಸಬೇಕಾಯಿತು. ಸ್ವಾಗತದ ಮೇಜಿನ ಫೋನಕ್ಕನೂ ಶವದ ವ್ಯಾನಿನ ಡ್ರೈವರ್ ಮಾವನೂ ಕರೆಯದೆಯೇ ಬಂದು ಎರಡು ಕಡೆ ನಿಂತರು.

"ಮದುವೆಗೆ ಕರೆದ ಹಾಗಿದೆ ಕಣೋ. ಸ್ವಲ್ಪ ದುಃಖ ಇರ್ಲಿ" ಎಂದಳು ಫೋನಕ್ಕ.

"ನೌಕರಿ ಹೋಯ್ತು ಅಂದ್ಕೊಂಡು ಮಾತಾಡು, ತಾನೇ ಬರುತ್ತೆ" ಎಂದ ಡ್ರೈವರ್ ಮಾವ.

ಹಾಗಂದುಕೊಂಡ ಮೇಲೆ ನಿಜಕ್ಕೂ ಚೆನ್ನಾಗಿ ಬಂತು. ಯಜಮಾನರೇ ಕೇಳಿ ಕಣ್ಣೊರೆಸಿಕೊಂಡರು. ಆದರೆ ಅವನು ಚಹಾ ಕುಡಿದು ಬರುವಷ್ಟರಲ್ಲಿ ಆ ಇಬ್ಬರೂ ಅವನ ಫೋನಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿ, ಅದರ ಪರದೆಯಲ್ಲಿ ಯಾವುದೋ ಅರ್ಥವಾಗದ ಭಾಷೆ ಬರುವಂತೆ ಮಾಡಿದ್ದರು. ಸರಿಪಡಿಸಲು ಮಧ್ಯಾಹ್ನವಾಯಿತು. ಲೈನಣ್ಣನ ಪಿತ್ತ ನೆತ್ತಿಗೇರಿತು. ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಫೋನಿನ ಮೇಲೆ ಅಂಟಿಸಿದ: "ಯಾರೇ ಮುಟ್ಟಿದರೂ ಕೈ ಮುರಿಯುತ್ತೇನೆ."

ಸಂಜೆಯ ಹೊತ್ತಿಗೆ ಉಳಿದದ್ದು ಬಡಗಿಯ ಫೋನೊಂದೇ. ಬೆಳಿಗ್ಗೆಯಿಂದ ಪರೀಕ್ಷೆಯ ಕರೆ ಮಾಡಿ ಮಾಡಿ ಲೈನಣ್ಣನ ಮೊಬೈಲ್ ಪ್ರಾಣ ಬಿಟ್ಟಿತ್ತು. ಅದನ್ನು ಟೇಬಲ್ಲಿನ ಮೇಲೆ ಚಾರ್ಜಿಗೆ ಹಾಕಿ, ಹೊಸ ಫೋನನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. "ಕೆಳಗೆ ಹೋಗಿ ಇದನ್ನ ಇಟ್ಟು ಬರ್ತೀನಿ. ಅಷ್ಟರಲ್ಲಿ ಹಳೇ ಎಕ್ಸ್‌ಚೇಂಜಿನ ಮೇನ್ ಆಫ್ ಮಾಡಿಬಿಡಿ" ಎಂದು ಎಂಜಿನಿಯರನಿಗೆ ಹೇಳಿದ.

ಲಿಫ್ಟಿನಲ್ಲಿ ಕೆಳಗೆ ವಾಪಸು ಹೋಗಬೇಕಾದ ಖಾಲಿ ಪೆಟ್ಟಿಗೆಯೊಂದು ಆಗಲೇ ಮಲಗಿತ್ತು. ಲೈನಣ್ಣ ಅದರ ಪಕ್ಕದಲ್ಲಿ ಮೈ ಹಿಡಿಮಾಡಿಕೊಂಡು ನಿಂತ. ಲಿಫ್ಟು ನರಳುತ್ತ ಇಳಿಯತೊಡಗಿತು. ಮೇಲೆ ಎಂಜಿನಿಯರ್ ಮೇನ್ ಆಫ್ ಮಾಡಿದ. ಎಕ್ಸ್‌ಚೇಂಜಿಗೂ ಲಿಫ್ಟಿಗೂ ಅದೊಂದೇ ಮೇನ್ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದದ್ದು ಲೈನಣ್ಣನಿಗೆ. ದೀಪ ಆರಿತು, ಲಿಫ್ಟು ಎರಡು ಮಹಡಿಯ ನಡುವೆ ನಿಂತಿತು. ಎಂಜಿನಿಯರ್ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ಲೈನಣ್ಣ ಗೋಡೆ ಗುದ್ದಿದ. ಮೇಲಿದ್ದವರು ಬಡಗಿ ಮೊಳೆ ಹೊಡೆಯುತ್ತಿದ್ದಾನೆ ಅಂದುಕೊಂಡರು. ಬಡಗಿ, ಮೇಲೆ ಫೋನಿನವರು ಗೋಡೆ ಒಡೆಯುತ್ತಿದ್ದಾರೆ ಅಂದುಕೊಂಡು ಗರಗಸದ ಯಂತ್ರ ಜೋರು ಮಾಡಿದ. ಕೂಗಿ ಕೂಗಿ ಲೈನಣ್ಣನ ಗಂಟಲು ಹರಿದುಹೋಯಿತು. ಕಂಕುಳಲ್ಲಿ ಹೊಚ್ಚ ಹೊಸ ಫೋನು ಇತ್ತು, ಆದರೆ ತಂತಿ ಚುಚ್ಚದೆ ಅದು ಇಟ್ಟಿಗೆಗೆ ಸಮ. ಬೆವರು ಇಳಿಯಿತು. ಇಲ್ಲೇ ಸತ್ತರೆ ಪೆಟ್ಟಿಗೆಯಂತೂ ಹುಡುಕಬೇಕಾಗಿಲ್ಲ ಎಂಬ ಯೋಚನೆ ಬಂದು ಅವನು ಪೆಟ್ಟಿಗೆಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿದ.

ಕತ್ತಲಲ್ಲಿ ಗೋಡೆ ತಡವುವಾಗ ಕೈಗೆ ಏನೋ ಉಬ್ಬು ಸಿಕ್ಕಿತು. ಎಷ್ಟೋ ಸಲ ಬಣ್ಣ ಬಳಿದು ಮುಚ್ಚಿಹೋದ ಸಣ್ಣ ಕಬ್ಬಿಣದ ಬಾಗಿಲು. ಬೀಗದ ಕೈಯಿಂದ ಕೆರೆದು ಮೀಟಿದ. ಒಳಗೊಂದು ರಿಸೀವರ್ ತೂಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆಂದೇ ಯಾವ ಕಾಲದಲ್ಲೋ ಇಟ್ಟ, ಎತ್ತಿದರೆ ತಾನೇ ಕರೆ ಹೋಗುವ ಫೋನು. ಅವನು ಎತ್ತಿದ. ರಿಂಗ್ ಆಗತೊಡಗಿತು. ಲೈನಣ್ಣ ಖುಷಿಯಿಂದ ಅತ್ತೇಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಒಂದು ದುಃಖದ ದನಿ ಬಂತು. "ನಿಮ್ಮ ಈ ಕಷ್ಟದ ಹೊತ್ತಿನಲ್ಲಿ ನಾವು ನಿಮ್ಮ ಜೊತೆಗಿದ್ದೇವೆ. ನಾನೀಗ ನನ್ನ ಸೀಟಿನಲ್ಲಿಲ್ಲ. ತೀರಿಕೊಂಡವರ ಹೆಸರು, ವಿಳಾಸ ಹೇಳಿ."

ದನಿ ಅವನದೇ. ಬಿಳಿ ತಂತಿ ಎಲ್ಲಿಗೆ ಹೋಗುತ್ತಿತ್ತು ಎಂಬುದು ಲೈನಣ್ಣನಿಗೆ ಆಗ ಗೊತ್ತಾಯಿತು.

ಅವನು ಇಟ್ಟು ಮತ್ತೆ ಎತ್ತಿದ. ಮತ್ತೆ ಇಟ್ಟ, ಮತ್ತೆ ಎತ್ತಿದ. ಮೇಲೆ ಅವನ ಟೇಬಲ್ಲಿನ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಫೋನಕ್ಕನೂ ಡ್ರೈವರ್ ಮಾವನೂ ಅದರ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಎತ್ತಕ್ಕ" ಎಂದ ಡ್ರೈವರ್ ಮಾವ.

"ಚೀಟಿ ಓದಿಲ್ವಾ? ನನಗೆ ಕೈ ಬೇಕು. ಅದೂ ಅಲ್ದೆ ಪರದೆ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ನಾವು ಕಳಿಸಿಕೊಟ್ಟವರಲ್ಲೇ ಯಾರೋ ಮಾಡ್ತಿರಬೇಕು."

ಡ್ರೈವರ್ ಮಾವ ಎರಡು ಹೆಜ್ಜೆ ಹಿಂದೆ ಸರಿದ.

ಸದ್ದು ಕೇಳಿ ಯಜಮಾನರು ಕೋಣೆಯಿಂದ ಹೊರಗೆ ಬಂದರು. ಬಡಿದುಕೊಳ್ಳುತ್ತಿರುವ ಫೋನು, ಖಾಲಿ ಸೀಟು, ಫೋನಿನ ಮೇಲಿನ ಚೀಟಿ, ಮೂರನ್ನೂ ನೋಡಿದರು. ಚೀಟಿ ಕಿತ್ತೆಸೆದು ರಿಸೀವರ್ ಎತ್ತಿ, ಗಿರಾಕಿಗಳಿಗೆಂದೇ ಇಟ್ಟುಕೊಂಡಿದ್ದ ಮೆತ್ತನೆಯ ದನಿಯಲ್ಲಿ, "ಹೇಳಿ, ನಿಮ್ಮ ದುಃಖ ನಮ್ಮ ದುಃಖ" ಎಂದರು.

"ಅಬ್ಬಾ, ಯಾರೋ ಎತ್ತಿದ್ರಲ್ಲ" ಎಂದ ಲೈನಣ್ಣ. ಹರಿದ ಗಂಟಲಿಗೆ ಅವನ ದನಿ ಅವನಿಗೇ ಗುರುತು ಸಿಗುವಂತಿರಲಿಲ್ಲ. "ಆಗಿಂದ ಮಾಡ್ತಾನೇ ಇದ್ದೀನಿ ಸರ್."

"ಆಗಿಂದಲೂ ಮಾಡ್ತಿದ್ದೀರಾ? ದಯವಿಟ್ಟು ಕ್ಷಮಿಸಬೇಕು. ಈ ಸೀಟಿನವನು ಶುದ್ಧ ಬೇಜವಾಬ್ದಾರಿ. ಅವನನ್ನ ಈ ಕ್ಷಣವೇ, ನಿಮ್ಮೆದುರಿಗೇ ಕೆಲಸದಿಂದ ತೆಗೆದಿದ್ದೀನಿ."

ಹೆಸರು ಲೈನಣ್ಣನ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಅವನು ಪೆಟ್ಟಿಗೆಯ ಅಂಚಿಗೆ ಕುಸಿದು ಕೂತ.

"ಬೇಡ ಸರ್. ಪಾಪ, ಹೆಂಡ್ತಿ ಇರೋನು. ಅವನದೇನೂ ತಪ್ಪಿಲ್ಲ, ಬಿಟ್ಬಿಡಿ."

"ನಿಮ್ಮದು ದೊಡ್ಡ ಮನಸ್ಸು. ಇಂಥಾ ಹೊತ್ತಲ್ಲೂ ಇನ್ನೊಬ್ಬರ ಬಗ್ಗೆ ಯೋಚನೆ ಮಾಡ್ತೀರಿ. ಆದ್ರೆ ತೆಗೆದದ್ದು ತೆಗೆದದ್ದೇ. ಅದಿರ್ಲಿ, ತೀರ್ಕೊಂಡವರು ಯಾರು?"

ಲೈನಣ್ಣ ಕತ್ತಲಲ್ಲಿ ತಾನು ಕೂತಿದ್ದ ಪೆಟ್ಟಿಗೆಯನ್ನು ತಡವಿದ.

"ಆ ಸೀಟಿನವನೇ ಸರ್" ಎಂದ. "ಪೆಟ್ಟಿಗೆ ಇಲ್ಲೇ ಇದೆ. ಲಿಫ್ಟಿನ ಮೇನ್ ಆನ್ ಮಾಡಿಸಿದ್ರೆ ಸಾಕು."