ನಮ್ಮ ಮನೆಯಲ್ಲಿ ಹಿಸ್ಟರಿ ಅಳಿಸಿದ್ದು

ಒಂದೇ ಹಾಲ್ ಇರುವ ಮನೆಯಲ್ಲಿ ನಾಲ್ಕು ಜನ ಬದುಕುವಾಗ ಗುಟ್ಟು ಇಟ್ಟುಕೊಳ್ಳೋದು ಎಷ್ಟು ಕಷ್ಟ ಅನ್ನೋದು ಇಟ್ಟುಕೊಂಡವರಿಗೇ ಗೊತ್ತು. ತುಮಕೂರಿನಲ್ಲಿ ನಮ್ಮದು ಅಂಥ ಮನೆ. ನಾನು ಅಡುಗೆಮನೆಯಲ್ಲಿ ಸೀನಿದರೆ ಹಾಲ್‌ನಿಂದ ಕಷಾಯ ಮಾಡಿಕೋ ಅನ್ನುವ ಸಲಹೆ ಬರುತ್ತಿತ್ತು. ತವರಿಗೆ ಫೋನ್ ಮಾಡಿ ಪಿಸುಗುಟ್ಟಿದ ಮಾತಿಗೆ ಊಟದ ಹೊತ್ತಿನಲ್ಲಿ ಮಾವನವರು ಉತ್ತರ ಕೊಡುತ್ತಿದ್ದರು. ಹೀಗಿದ್ದ ಮನೆಗೆ ಕಂಪ್ಯೂಟರ್ ಬಂತು. ಬಂದದ್ದೇ ಹಾಲ್‌ನ ಮೂಲೆ ಹಿಡಿದು ಕೂತಿತು. ಅತ್ತೆ ಹಳೇ ಸೀರೆಯಲ್ಲಿ ಅದಕ್ಕೊಂದು ಗವಸು ಹೊಲಿದರು, ಆಯುಧಪೂಜೆಯ ದಿನ ವಿಭೂತಿ ಹಚ್ಚಿ ಹೂವು ಮುಡಿಸಿದರು. ಇಂಟರ್ನೆಟ್ ಹಾಕಿದರೆ ಫೋನ್ ಸಿಗುತ್ತಿರಲಿಲ್ಲ. ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿದ್ದ ಅತ್ತೆಯ ತಮ್ಮ, ನಿಮ್ಮನೇಲಿ ಅಷ್ಟೊತ್ತು ಯಾರ ಜೊತೆ ಮಾತಾಡ್ತೀರಾ ಅಂತ ಬಂದಾಗಲೆಲ್ಲ ಕೇಳುತ್ತಿದ್ದರು.

ನಾನು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕಂಪ್ಯೂಟರ್ ಲ್ಯಾಬಿನಲ್ಲಿ ಪ್ಲಗ್ಗು ಸಡಿಲವಾಗಿದ್ದದ್ದನ್ನು ನಾನೊಬ್ಬಳೇ ಕಂಡುಹಿಡಿದೆ ಅನ್ನೋ ಕಾರಣಕ್ಕೆ ನನ್ನನ್ನೇ ಕಂಪ್ಯೂಟರ್ ಟೀಚರ್ ಮಾಡಿಬಿಟ್ಟರು. ಅದಕ್ಕೊಂದು ತರಬೇತಿಗೂ ಕಳಿಸಿದರು. ಅಲ್ಲಿ ಕಲಿತು ಬಂದ ದಿನ ಊಟಕ್ಕೆ ಕೂತಾಗ ಮನೆಯವರಿಗೆಲ್ಲ ಉಪನ್ಯಾಸ ಕೊಟ್ಟೆ. ಕಂಪ್ಯೂಟರಿನಲ್ಲಿ ಯಾರು ಏನು ನೋಡಿದರೂ ಅದರ ಹೊಟ್ಟೆಯಲ್ಲಿ ಉಳಿದಿರುತ್ತೆ, ಆಮೇಲೆ ಬಂದವರು ತೆಗೆದು ನೋಡಬಹುದು, ಅದಕ್ಕೇ ಹಿಸ್ಟರಿ ಅಳಿಸಬೇಕು ಅಂದೆ. ಮಾವನವರ ಕೈಯಲ್ಲಿದ್ದ ಮುದ್ದೆ ಸಾರಿನಲ್ಲೇ ನಿಂತಿತು. ಅತ್ತೆ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ನಿಂತರು. ನನ್ನ ಪಾಠ ಇಷ್ಟು ಪರಿಣಾಮಕಾರಿಯೇ ಅಂತ ಒಳಗೊಳಗೇ ಹಿಗ್ಗಿದೆ.

ಮಾರನೇ ದಿನ ಅತ್ತೆ ದೇವಸ್ಥಾನಕ್ಕೆ ಹೋದ ಮೇಲೆ ಮಾವನವರು ಪೇಪರ್ ಮಡಿಸಿಟ್ಟು, ಆ ಅಳಿಸೋದು ಹೇಗೆ ತೋರಿಸಮ್ಮ ಅಂದರು. ಗುಬ್ಬಿಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರು ಕೆಮ್ಮಿದರೆ ಈಗಲೂ ಬೀದಿಯ ಹುಡುಗರು ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಇಂಥವರಿಗೆ ಅಳಿಸುವಂಥದ್ದೇನಿದೆ? ತೋರಿಸಿದ್ದೇನೋ ತೋರಿಸಿದೆ. ಆದರೆ ನನ್ನ ತಲೆಯಲ್ಲಿ ಬರಬಾರದ ಯೋಚನೆಗಳೆಲ್ಲ ಬಂದವು. ನಮ್ಮೆಜಮಾನರಿಗೆ ಹೇಳಿದರೆ, ಅಪ್ಪ ಷೇರು ಗೀರು ಅಂತ ಶುರು ಮಾಡಿರಬೇಕು ಬಿಡು ಅಂತ ಮಗ್ಗಲು ಬದಲಿಸಿ ಮಲಗಿದರು.

ವಿಷಯ ಗೊತ್ತಾದದ್ದು, ಸ್ಕೂಲಿಗೆ ಅರ್ಧ ದಿನ ರಜಾ ಕೊಟ್ಟಿದ್ದರಿಂದ ನಾನು ಬೇಗ ಮನೆಗೆ ಬಂದಾಗ. ಮಾವನವರು ಕನ್ನಡಕವನ್ನು ಹಣೆಗೇರಿಸಿಕೊಂಡು, ಮೂಗು ತೆರೆಗೆ ತಾಗುವಷ್ಟು ಹತ್ತಿರ ಕೂತಿದ್ದರು. ತೆರೆಯ ಮೇಲೆ ನನ್ನ ನಾದಿನಿ ಸುಮ. ಅವಳ ತೊಡೆಯ ಮೇಲೆ ಕುಲಾವಿ ಹಾಕಿಕೊಂಡ ಮಗು.

ಸುಮಳ ವಿಷಯ ಇಲ್ಲಿ ಹೇಳಬೇಕು. ಕ್ಯಾತ್ಸಂದ್ರದಲ್ಲಿ ಓದುವಾಗ ಜೊತೆಯಲ್ಲಿದ್ದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹುಬ್ಬಳ್ಳಿಗೆ ಹೋದವಳು. ಅವಳ ಹೆಸರು ಈ ಮನೆಯಲ್ಲಿ ಎತ್ತಬಾರದು ಅಂತ ಮಾವನವರು ಅವತ್ತೇ ಹೇಳಿಬಿಟ್ಟಿದ್ದರು. ನಾವು ಯಾರೂ ಎತ್ತಲಿಲ್ಲ. ನಮ್ಮೆಜಮಾನರು ಮಾತ್ರ ತಂಗಿಯ ಜೊತೆ ಮೇಲ್ ಇಟ್ಟುಕೊಂಡಿದ್ದರು. ಅವಳು ಮಗುವಿನ ಫೋಟೋಗಳನ್ನು ಹಾಕುತ್ತಿದ್ದ ಪುಟಕ್ಕೆ 'ಆಫೀಸ್' ಅಂತ ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಅಡಗಿಸಿದ್ದರು. ಮಗ ಆಫೀಸಿನಲ್ಲಿ ಏನು ಮಾಡುತ್ತಾನೆ ನೋಡೋಣ ಅಂತ ಅಪ್ಪ ಅದನ್ನೇ ಒತ್ತಿದ್ದರು.

ನನ್ನನ್ನು ಕಂಡು ಮಾವನವರು ಕನ್ನಡಕ ಇಳಿಸಿದರು. "ಹುಬ್ಬಳ್ಳೀಲಿ ಚಳಿ ಜಾಸ್ತಿ ಅನ್ಸುತ್ತೆ. ಮಗೂಗೆ ಟೋಪಿ ಹಾಕವ್ಳೆ," ಅಂದರು. ಹವಾಮಾನದ ವರದಿ ಓದಿದ ಹಾಗಿತ್ತು. ಆಮೇಲೆ, "ನಿಮ್ಮತ್ತೆಗೆ ಹೇಳ್ಬೇಡ ಕಣಮ್ಮ. ಬೇಡ ಅಂದೋನು ನಾನೇ. ಈಗ ನಾನೇ ಕದ್ದು ನೋಡ್ತೀನಿ ಅಂದ್ರೆ ಅವಳ ಮುಂದೆ ಹೆಂಗೆ ತಲೆ ಎತ್ತಲಿ," ಅಂದರು. ಹೇಳಲ್ಲ ಅಂದೆ.

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ, ಅಳಿಸೋದನ್ನ ನಂಗೂ ಹೇಳಿಕೊಡು ಅಂದರು. ಅಡುಗೆ ಪುಟ ನೋಡೋಕೆ ಅಂತ ಮೊದಲು ಸುಳ್ಳು ಹೇಳಿದರು. ಅಡುಗೆ ನೋಡಿದ್ದನ್ನ ಯಾಕೆ ಅಳಿಸಬೇಕು ಅಂತ ಕೇಳಿದ್ದಕ್ಕೆ ಕಣ್ಣು ಒರೆಸಿಕೊಂಡರು. ಮಗನೇ ಅವರಿಗೆ ಗುಟ್ಟಾಗಿ 'ಆಫೀಸ್' ತೋರಿಸಿದ್ದನಂತೆ. ಮಾವನವರಿಗೆ ಗೊತ್ತಾದರೆ ಮನೆ ರಣರಂಗ ಆಗುತ್ತೆ, ನನ್ನಾಣೆ, ಬಾಯಿ ಬಿಡಬೇಡ ಅಂದರು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ರಂಗೋಲಿಯ ಚುಕ್ಕಿ ಎಣಿಸುವ ಹಾಗೆ, ಮೇಲಿನ ಸಾಲಿನಲ್ಲಿ ಎಷ್ಟನೆಯದು, ಅದು ಬಿಚ್ಚಿಕೊಂಡಾಗ ಕೆಳಗಿನಿಂದ ಎಷ್ಟನೆಯದು ಅಂತ ಲೆಕ್ಕ ಹಾಕಿ ಕಲಿತರು. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವರ್ಷವಿಡೀ ಬಾರದ್ದು ಅವರಿಗೆ ಮೂರು ಸಂಜೆಗೆ ಬಂತು.

ಅಲ್ಲಿಂದ ನಮ್ಮ ಮನೆಯಲ್ಲಿ ಹೊಸ ಟೈಂ ಟೇಬಲ್. ಬೆಳಿಗ್ಗೆ ಅತ್ತೆ ದೇವಸ್ಥಾನಕ್ಕೆ ಹೋದರೆ ಮಾವ ನೋಡಿ ಅಳಿಸುತ್ತಿದ್ದರು. ಮಧ್ಯಾಹ್ನ ಮಾವ ಲೈಬ್ರರಿಗೆ ಹೋದರೆ ಅತ್ತೆ ನೋಡಿ ಅಳಿಸುತ್ತಿದ್ದರು. ಸಂಜೆ ನಮ್ಮೆಜಮಾನರು ನೋಡಿ ಅಳಿಸುತ್ತಿದ್ದರು. ಮೂರು ಜನರ ಗುಟ್ಟೂ ನನ್ನ ಹತ್ತಿರ ಇತ್ತು. ದಿನವೂ ಅತ್ತೆ ದೇವರಿಗೆ ಹೆಚ್ಚು ಹೊತ್ತು ಕೈಮುಗಿಯಲಿ ಅಂತ ಮಾವ, ಲೈಬ್ರರಿಗೆ ಹೊಸ ಪತ್ರಿಕೆ ಬರಲಿ ಅಂತ ಅತ್ತೆ. ಆ ಮಗು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಗೋಡೆ ಹಿಡಿದು ನಿಂತದ್ದು ಎಲ್ಲವನ್ನೂ ಒಂದೇ ಕುರ್ಚಿಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಕೂತು ಇಬ್ಬರೂ ನೋಡಿದರು. ಊಟಕ್ಕೆ ಕೂತಾಗ ಮಾತ್ರ ಸಾರಿಗೆ ಉಪ್ಪು ಕಮ್ಮಿ ಅನ್ನುವುದು ಬಿಟ್ಟರೆ ಮಾತಿಲ್ಲ. ಇವತ್ತಲ್ಲ ನಾಳೆ ಒಬ್ಬರ ಕೈಗೆ ಒಬ್ಬರು ಸಿಕ್ಕಿಬೀಳುತ್ತಾರೆ, ಆಗ ಎಲ್ಲ ತಾನಾಗೇ ಸರಿಹೋಗುತ್ತೆ ಅಂತ ನಾನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ತಮಾಷೆ ನೋಡಲು ಎಲ್ಲಿ ನಿಂತುಕೊಳ್ಳಬೇಕು ಅನ್ನೋದನ್ನೂ ಯೋಚಿಸಿಟ್ಟುಕೊಂಡಿದ್ದೆ.

ಆ ಕಾರ್ತಿಕದಲ್ಲಿ ಮಾವನವರು ಗುಬ್ಬಿಗೆ ನೆಂಟರ ಗೃಹಪ್ರವೇಶಕ್ಕೆ ಹೋದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ತಲುಪಲಿಲ್ಲ.

ಸುಮ ಗಂಡನ ಜೊತೆ ಮಗುವನ್ನು ಎತ್ತಿಕೊಂಡು ಬಂದಳು. ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ತಡೆಯಬೇಕಾದವರನ್ನು ಹಾಲ್‌ನಲ್ಲಿ ಮಲಗಿಸಿದ್ದೆವು. ಅವಳು ಅಪ್ಪನ ಕಾಲು ಹಿಡಿದುಕೊಂಡು ಕೂತಳು. ಮಗು ಮಾತ್ರ ಅಲ್ಲಿದ್ದ ಕಂಪ್ಯೂಟರಿನ ಗವಸನ್ನು ಎಳೆಯುತ್ತಿತ್ತು.

ಕಾರ್ಯಗಳು ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ನಾವು ಮೂವರು ಹೆಂಗಸರು ಅಡುಗೆಮನೆಯಲ್ಲಿದ್ದೆವು. ಅತ್ತೆ ಮಗಳ ಮುಖ ನೋಡದೆ, "ಒಂದು ಸಲನಾದ್ರೂ ಮೊಮ್ಮಗಳ ಮುಖ ನೋಡ್ದೆ ಹೋದ್ರು. ಕಲ್ಲು ಮನಸ್ಸು," ಅಂದರು.

ಸುಮ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ಇಲ್ಲ ಅತ್ತೆ, ದಿನಾ ನೋಡ್ತಿದ್ರು," ಅಂದೆ.

ಸಮಾಧಾನಕ್ಕೆ ಏನೇನೋ ಹೇಳಬೇಡ ಅಂತ ಅತ್ತೆ ಗದರಿದರು. ಸುಮ, ನಿಜವಾ ಅತ್ತಿಗೆ ಅಂತ ನನ್ನ ಕೈ ಹಿಡಿದಳು. ತೋರಿಸ್ತೀನಿ ಬನ್ನಿ ಅಂತ ಹಾಲ್‌ಗೆ ಹೋಗಿ ಕಂಪ್ಯೂಟರ್ ಹಾಕಿದೆ. ಹಿಸ್ಟರಿ ತೆಗೆದೆ. ಪಟ್ಟಿ ಖಾಲಿ. ಹುಡುಕಬಹುದಾದಲ್ಲೆಲ್ಲ ಹುಡುಕಿದೆ. ಹೆಡ್‌ಮಾಸ್ಟರು ಬೋರ್ಡ್ ಒರೆಸಿದ ಹಾಗೆ ಮೂಲೆ ಮೂಲೆ ಒರೆಸಿದ್ದರು. ನನ್ನ ಬೆನ್ನ ಹಿಂದೆ ಇಬ್ಬರೂ ನಿಂತು ಕಾಯುತ್ತಿದ್ದರು.

"ನೋಡ್ತಿದ್ದದ್ದು ನಿಜ ಆಗಿದ್ರೆ ನೀನ್ಯಾಕೆ ನಂಗೆ ಹೇಳ್ಲಿಲ್ಲ?" ಅಂದರು ಅತ್ತೆ.

"ಹೇಳ್ಬೇಡ ಅಂತ ನೀವಿಬ್ರೂ ಮಾತು ತಗೊಂಡಿದ್ರಲ್ಲ ಅತ್ತೆ," ಅಂದುಬಿಟ್ಟೆ.

ಸುಮ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು. "ನೀನೂನಾ ಅಮ್ಮ?"

ಅತ್ತೆ ಕುರ್ಚಿ ಎಳೆದು ಕೂತು, ಮೌಸ್ ಹಿಡಿದು 'ಆಫೀಸ್' ಒತ್ತಿದರು. ಫೋಟೋಗಳು ಒಂದೊಂದಾಗಿ ಇಳಿಯತೊಡಗಿದವು. ಯಾವುದರ ನಂತರ ಯಾವುದು ಬರುತ್ತೆ ಅನ್ನೋದು ಅವರಿಗೆ ಬಾಯಿಪಾಠವಾಗಿತ್ತು. ಇದು ನಿಂತದ್ದು, ಇದು ಮೊದಲ ಹಲ್ಲು, ಅಂತ ಹೇಳುತ್ತಾ ಹೋದವರು ಒಂದು ಕಡೆ ನಿಲ್ಲಿಸಿ, "ಇದನ್ನ ಅವರೂ ನೋಡಿದ್ರಾ?" ಅಂತ ನನ್ನನ್ನು ಕೇಳಿದರು. ನೋಡಿದ್ರು ಅಂದೆ. ಮುಂದಿನದಕ್ಕೂ ಕೇಳಿದರು. ಅದಕ್ಕೂ ಹೂಂ ಅಂದೆ. ಕೊನೆಯ ಫೋಟೋದವರೆಗೆ ಹಾಗೇ ಕೇಳಿದರು. ಒಂದೆರಡಕ್ಕೆ ನನಗೆ ಗೊತ್ತಿಲ್ಲದೆಯೂ ಹೂಂ ಅಂದೆ.

ಈಗ ಸುಮ ಬಂದು ಹೋಗಿ ಮಾಡುತ್ತಾಳೆ. ಸ್ಕೂಲಿನಲ್ಲಿ ನಾನು ಇನ್ನೂ ಹಿಸ್ಟರಿ ಅಳಿಸುವ ಪಾಠ ಮಾಡುತ್ತೇನೆ, ಸಿಲಬಸ್ಸಿನಲ್ಲಿದೆ. ಮನೆಯಲ್ಲಿ ಮಾತ್ರ ಅಳಿಸುವುದನ್ನು ಬಿಟ್ಟಿದ್ದೇನೆ. ಕೂದಲು ಉದುರುವುದಕ್ಕೆ ಮದ್ದು, ತಿಂದರೂ ತೂಕ ಇಳಿಸುವ ಉಪಾಯ ಅಂತ ನಾನು ಹುಡುಕಿದ್ದನ್ನೆಲ್ಲ ನಮ್ಮೆಜಮಾನರು ಸಂಜೆ ಕಾಫಿ ಕುಡಿಯುತ್ತಾ ಜೋರಾಗಿ ಓದಿ ನಗುತ್ತಾರೆ. ನಗಲಿ. ನನ್ನ ಮಾನ ಹೋಗುವಂಥದ್ದೆಲ್ಲ ಅದರಲ್ಲಿ ಭದ್ರವಾಗಿದೆ. ಮಾವನವರದು ಹುಡುಕಿದರೆ ಒಂದು ಸಾಲೂ ಇಲ್ಲ. ಅಷ್ಟು ಚೆನ್ನಾಗಿ ಪಾಠ ಹೇಳಿಕೊಟ್ಟ ಟೀಚರ್ ನಾನು.